ಮಾವನವರನ್ನು ಅರವತ್ತೆಂಟು ಡಿಗ್ರಿಯಲ್ಲಿ ಬೇಯಿಸಿದ್ದು

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಐದನೆಯ ಕ್ಲಾಸಿನ ಬಾಗಿಲಿನವರೆಗೂ ಹೋಗಿದ್ದೆ. ಅಷ್ಟರಲ್ಲಿ ನಮ್ಮಪ್ಪ ಬಂದು, ಕೈ ಹಿಡಿದು ಎಳೆದುಕೊಂಡು ಹೋಗಿ ಚರಕದ ಮುಂದೆ ಕೂರಿಸಿದರು. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಸುಬಿನಲ್ಲಿ ಇಡೀ ಶಿಡ್ಲಘಟ್ಟದಲ್ಲಿ ನನ್ನನ್ನು ಮೀರಿಸುವವರು ಆಗ ಇರಲಿಲ್ಲ. ಈ ಮಾತನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ.

ಯಾವ ಕೆಲಸಕ್ಕೂ ಇನ್ನೊಬ್ಬರನ್ನು ಕರೆಯುವ ಅಭ್ಯಾಸ ನನಗಿಲ್ಲ. ಚರಕ ಕೆಟ್ಟರೆ ನಾನೇ ಬಿಚ್ಚಿ ಕೂಡಿಸುತ್ತಿದ್ದೆ. ಮನೆಗೆ ಸುಣ್ಣ ಬಳಿಯುವುದು, ಹೆಂಚು ಹೊದಿಸುವುದು, ಮಂಚಕ್ಕೆ ಕಾಲು ಕೊಡುವುದು, ಎಲ್ಲ ನಾನೇ. ಗೋಡೆ ಗಡಿಯಾರ ನಿಂತಾಗಲೂ ನಾನೇ ರಿಪೇರಿ ಮಾಡಿದೆ. ಆಮೇಲೆ ಅದು ದಿನಕ್ಕೆ ಇಪ್ಪತ್ತೈದು ಗಂಟೆ ಹೊಡೆಯುತ್ತಿತ್ತು. ಕಷ್ಟಪಟ್ಟು ದುಡಿಯುವವನಿಗೆ ಒಂದು ಗಂಟೆ ಹೆಚ್ಚು ಸಿಕ್ಕಿದರೆ ನಷ್ಟವೇನು?

ಹೀಗಿರುವಾಗ ನೂಲು ಕೊಡಲು ಬೆಂಗಳೂರಿಗೆ ಹೋದವನ ಕಣ್ಣಿಗೆ ಒಂದು ಹಳೆಯ ಡಬ್ಬಿ ಕ್ಯಾಮೆರಾ ಬಿತ್ತು. ಅದರ ಜೊತೆಗೆ ಮೂರು ಫಿಲಂ ರೋಲು, ಮೂರು ಸಲಕ್ಕೆ ಆಗುವಷ್ಟು ತೊಳೆಯುವ ಮದ್ದಿನ ಎರಡು ಪೊಟ್ಟಣ, ಚಿತ್ರ ಇಳಿಸುವ ಕಾಗದ, ಹೇಗೆ ತೊಳೆಯಬೇಕೆಂದು ಬರೆದ ಒಂದು ಇಂಗ್ಲಿಷ್ ಕಾಗದ ಎಲ್ಲ ಸೇರಿಸಿಯೇ ಕೊಟ್ಟರು. "ಫಿಲಂ ತೊಳೆಯೋದು ಮನೇಲೇ ಮಾಡ್ಕೋಬಹುದು ಸ್ವಾಮಿ. ನೀರು, ಶಾಖ, ಹೊತ್ತು. ಈ ಮೂರು ನೋಡ್ಕೊಂಡ್ರೆ ಸಾಕು," ಎಂದ ಅಂಗಡಿಯವನು.

ನನಗೆ ನಗು ಬಂತು. ನೀರು, ಶಾಖ, ಹೊತ್ತು! ಹುಟ್ಟಿದ ಮೇಲೆ ನಾನು ಮಾಡಿಕೊಂಡು ಬಂದಿರುವುದೇ ಆ ಮೂರು. ಗೂಡಿನ ನೀರಿಗೆ ಬೆರಳು ಅದ್ದಿ, ಎಷ್ಟು ಕಾದಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವನಿಗೆ ಈ ಅಂಗಡಿಯವನು ಪಾಠ ಹೇಳುತ್ತಿದ್ದಾನೆ!

ಕ್ಯಾಮೆರಾ ಕಂಡು ನನ್ನ ಹೆಂಡತಿ ನಂಜಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು, "ಇದರಲ್ಲಿ ಅಪ್ಪಂದು ಒಂದು ಫೋಟೋ ತೆಗೀತೀರಾ?"

"ಒಂದೇನು, ಎಂಟು ತೆಗೀತೀನಿ."

"ತಮಾಷೆ ಬೇಡ. ಅಮ್ಮ ಹೋದಾಗ ನನಗೆ ಆರು ವರ್ಷ. ಈಗ ಎಷ್ಟು ನೆನೆಸ್ಕೊಂಡ್ರೂ ಅವಳ ಮೂಗುಬೊಟ್ಟು ಒಂದೇ ಕಣ್ಣಿಗೆ ಬರೋದು. ಅದರ ಸುತ್ತ ಮುಖಾನೇ ಇಲ್ಲ. ಅಪ್ಪಂಗೂ ವಯಸ್ಸಾಯ್ತು. ಅವರದಾದ್ರೂ ಒಂದು ಉಳಿಸ್ಕೋಬೇಕು."

"ನಾನಿದ್ದೀನಿ ಕಣೇ," ಎಂದೆ. ಆ ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಮ್ಮ ಮಾವ ವೆಂಕಟರವಣಪ್ಪನವರು ನಗರಗೆರೆಯವರು. ಎಪ್ಪತ್ತು ದಾಟಿದ್ದರೂ ನೇಗಿಲು ಹಿಡಿದರೆ ಎತ್ತುಗಳೇ ಮೊದಲು ಸುಸ್ತಾಗಬೇಕು. ಕನ್ನಡ ಮಾತಾಡುತ್ತ ಮಾತಾಡುತ್ತ ಬಾಯಿಗೆ ತೆಲುಗು ಬಂದುಬಿಟ್ಟರೆ ಕೋಪ ಬಂದಿದೆ ಎಂದರ್ಥ. ಫೋಟೋ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಫೋಟೋ ಇರೋದು ಹಾರ ಹಾಕಿಸ್ಕೊಳ್ಳೋರಿಗೆ. ನನಗಿನ್ನೂ ಕಡ್ಲೆಕಾಯಿ ಕೀಳೋದೈತೆ," ಎನ್ನುತ್ತಿದ್ದರು. ನಂಜಮ್ಮ ಊರಿಗೆ ಹೋಗಿ ಎರಡು ದಿನ ಅವರ ಮುಂದೆ ಕೂತಳು. ಅಳಲಿಲ್ಲ, ಜಗಳ ಆಡಲಿಲ್ಲ. ಸುಮ್ಮನೆ ಕೂತಿದ್ದಳು. ಎರಡನೆಯ ದಿನ ಸಂಜೆ ಮುದುಕರು ಸೋತರು.

"ಒಂದು ಸಲ ಕಣಮ್ಮ. ಒಂದೇ ಸಲ. ಆಮೇಲೆ ಕೇಳಬ್ಯಾಡ."

ಸೋಮವಾರ ಮೊದಲ ಬಸ್ಸಿಗೇ ಬಂದಿಳಿದರು. ಹೊಸ ಪಂಚೆ, ಬಿಳಿ ಪೇಟ, ಕಿವಿಯಲ್ಲಿ ಕೆಂಪು ಕಲ್ಲಿನ ಒಂಟಿ, ಕಂಕುಳಲ್ಲಿ ಕಡಲೆಕಾಯಿ ಗಂಟು. ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂರಿಸಿದೆ. ಎಂಟು ಫೋಟೋ ಹಿಡಿಯುವ ರೋಲು. ಎಂಟನ್ನೂ ಮಾವನವರಿಗೇ ಅರ್ಪಿಸಿದೆ.

"ಆಯ್ತಾ?"

"ಆಯ್ತು ಮಾವ."

"ಇಷ್ಟೇನಾ? ನೋಡ್ಕೊಂಡೇ ಹೋಗ್ತೀನಿ ಬಿಡಿ. ಸಾಯಂಕಾಲದ ಬಸ್ಸಿಗೆ ಸಿಗ್ತದಾ?"

"ಮಧ್ಯಾಹ್ನಕ್ಕೇ ಸಿಗ್ತದೆ ಮಾವ!"

ಫಿಲಂ ತೊಳೆಯಲು ಕತ್ತಲು ಬೇಕು. ನಾವು ಗೂಡು ತುಂಬಿಡುವ ಕೋಣೆಗೆ ಕಿಟಕಿ ಇಲ್ಲ. ಬಾಗಿಲ ಸಂದಿಗೆ ಕಂಬಳಿ ತುರುಕಿದರೆ ಹಾಡಹಗಲಲ್ಲೇ ಅಮಾವಾಸ್ಯೆ. ಮೊದಲನೆಯ ಪೊಟ್ಟಣದ್ದು ಫಿಲಂ ಮೇಲೆ ಚಿತ್ರ ಎಬ್ಬಿಸುವ ನೀರು, ಎರಡನೆಯದು ಎದ್ದ ಚಿತ್ರವನ್ನು ಅಲ್ಲೇ ನಿಲ್ಲಿಸುವ ನೀರು. ಇಷ್ಟನ್ನು ಅಂಗಡಿಯವನೇ ಹೇಳಿದ್ದ. ಉಳಿದದ್ದಕ್ಕೆ ಇಂಗ್ಲಿಷ್ ಕಾಗದ ಇತ್ತು.

ಇಂಗ್ಲಿಷ್ ನನಗೆ ಪೂರ್ತಿ ಬರುವುದಿಲ್ಲ ಎಂದು ಹೇಳಲಾರೆ. ಅಂಕಿಗಳು ಬರುತ್ತವೆ. ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಸಿನಿಮಾ ಪೋಸ್ಟರು ನೋಡಿ ನೋಡಿ ಕೆಲವು ಅಕ್ಷರಗಳೂ ಪರಿಚಯವಾಗಿದ್ದವು. ಕಾಗದದಲ್ಲಿ ಬಟ್ಟಲಿನ ಚಿತ್ರ ಇತ್ತು. ಅದರ ಪಕ್ಕದಲ್ಲಿ ಅರವತ್ತೆಂಟು ಎಂದು ಬರೆದು, ತಲೆಯ ಮೇಲೆ ಒಂದು ಪುಟ್ಟ ಸೊನ್ನೆ, ಆಮೇಲೆ ಒಂದು ಅಕ್ಷರ. ಎಫ್! ಎಫ್ ನನಗೆ ಗೊತ್ತಿತ್ತು. ರೋಲಿನ ಡಬ್ಬಿಯ ಮೇಲೆ ಫಿಲಂ ಎಂದು ಬರೆದಿದ್ದರಲ್ಲ, ಅದರ ಮೊದಲನೆಯ ಅಕ್ಷರವೂ ಅದೇ. ಎಂದಮೇಲೆ ಅರ್ಥ ಸ್ಪಷ್ಟ. ಅರವತ್ತೆಂಟು ಡಿಗ್ರಿ, ಫಿಲಂಗೆ.

ಹೊಸ ಪೈಸೆ, ಹೊಸ ತೂಕ, ಹೊಸ ಅಳತೆ ಎಲ್ಲ ಒಟ್ಟಿಗೆ ಬಂದಿದ್ದ ಕಾಲ ಅದು. ಗೂಡಿನ ನೀರಿನ ಶಾಖ ನೋಡಲೆಂದು ನಾನು ಹೊಸ ಡಿಗ್ರಿಯ ಥರ್ಮಾಮೀಟರೊಂದನ್ನು ತಂದಿಟ್ಟುಕೊಂಡಿದ್ದೆ. ನೂರು ಡಿಗ್ರಿಗೆ ನೀರು ಕುದಿಯುವ ಥರ್ಮಾಮೀಟರು. ನನ್ನ ಬೆರಳಿಗಿಂತ ಅದು ದೊಡ್ಡದೇನಲ್ಲ, ಆದರೆ ಬಂದವರು ನೋಡಿ ಗೌರವಿಸುತ್ತಿದ್ದರು. ಒಲೆ ಹಚ್ಚಿದೆ, ನೀರು ಕಾಯಿಸಿದೆ. ಅರವತ್ತೆಂಟಕ್ಕೆ ಒಂದು ಗೆರೆಯೂ ಆಚೆ ಈಚೆ ಆಗದಂತೆ ಇಳಿಸಿ ಮದ್ದು ಕರಗಿಸಿದೆ. ತಣ್ಣಗಾಗದಿರಲಿ ಎಂದು ಬಟ್ಟಲನ್ನು ಬಿಸಿನೀರಿನ ಬಾಣಲೆಯೊಳಗೇ ಇಟ್ಟುಕೊಂಡು ಕತ್ತಲ ಕೋಣೆ ಸೇರಿದೆ.

ಫಿಲಂನ ಎರಡು ತುದಿ ಹಿಡಿದು, ತೊಟ್ಟಿಲು ತೂಗಿದ ಹಾಗೆ ನೀರಿನಲ್ಲಿ ಆಚೆ ಈಚೆ ತೂಗಬೇಕು. ಬೆರಳು ಬಿಸಿನೀರಿಗೆ ತಾಗುತ್ತಿತ್ತು. ಬೇರೆಯವರಾಗಿದ್ದರೆ ಕಿರುಚಿಕೊಂಡು ಓಡುತ್ತಿದ್ದರು. ಇಪ್ಪತ್ತು ವರ್ಷ ಗೂಡಿನ ಬಾಣಲೆಯಲ್ಲಿ ಕೈಯಾಡಿಸಿದ ನನಗೆ ಹಿತವಾಗಿತ್ತು. ಸ್ವಲ್ಪ ಹೊತ್ತಿಗೆ ಫಿಲಂ ಮೇಲೆ ಲೋಳೆ ಲೋಳೆಯಾಗಿ ಏನೋ ಸಡಿಲವಾಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ! ಗೂಡು ಹದವಾಗಿ ಬೆಂದಾಗ ಅದರ ಅಂಟು ಬಿಡುವುದೂ ಹೀಗೆಯೇ. "ಅಂಟು ಬಿಡ್ತು ಕಣೇ ನಂಜಾ, ಅಂಟು ಬಿಡ್ತು!" ಎಂದು ಒಳಗಿಂದಲೇ ಕೂಗಿದೆ. ಅಭ್ಯಾಸಬಲ ನೋಡಿ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ನೂಲಿನ ಎಳೆ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಎರಡನೆಯ ನೀರಿನಲ್ಲೂ ಅದ್ದಿ ಆಚೆ ಬಂದೆ. ಬೆಳಕಿಗೆ ಹಿಡಿದೆ. ಫಿಲಂ ಗಾಜಿನಷ್ಟು ಸ್ವಚ್ಛವಾಗಿತ್ತು. ಅದರ ಮೂಲಕ ನಮ್ಮ ನುಗ್ಗೇಮರ ಎಲೆ ಎಲೆಯಾಗಿ ಕಂಡಿತು.

ನಂಜಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದರಲ್ಲಿ ಅಪ್ಪ ಎಲ್ಲಿ?"

ನಾನು ಬಟ್ಟಲು ತೋರಿಸಿದೆ. ತಳದಲ್ಲಿ ಬೂದು ಬಣ್ಣದ ಲೋಳೆ ನಿಂತಿತ್ತು. ಎಂಟು ಜನ ಮಾವನವರೂ ಬೆಂದು ಗಂಜಿಯಾಗಿದ್ದರು!

ಜಗಲಿಯಿಂದ ಮಾವನವರ ಧ್ವನಿ ಬಂತು. "ಏನ್ ಅಳಿಯಂದ್ರೇ, ಬಂತಾ?"

ನಿಜ ಹೇಳಬಹುದಿತ್ತು. ಆದರೆ ನಾಲ್ಕನೆಯ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಒಂದು ರೋಗ ಇರುತ್ತದೆ. ಗೊತ್ತಿಲ್ಲ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನನ್ನ ಬಾಯಿಂದ ಬಂದದ್ದು ಬೇರೆ ಮಾತು. "ಏನ್ ಹೇಳಲಿ ಮಾವ, ನೀವು ಕಣ್ಣು ಮುಚ್ಚಿಬಿಟ್ಟಿದ್ದೀರಿ."

"ನಾನಾ? ಎಂಟರಾಗೂನಾ?"

"ಎಂಟರಲ್ಲೂ."

ಮಾವನವರ ಮುಖ ಕೆಂಪಾಯಿತು. "ದೇವುಡಾ! ಹುಲಿ ಎದುರಿಗೆ ಬಂದಾಗಲೂ ಕಣ್ಣು ಮುಚ್ಚಿದೋನಲ್ಲ ನಾನು. ಆ ಡಬ್ಬಿಗೆ ಮುಚ್ತೀನಾ? ಬಸ್ಸು ಹೋದ್ರೆ ಹೋಗ್ಲಿ. ನಾಳೆ ಕೂರ್ತೀನಿ. ನೋಡೇಬಿಡಣ!"

ಒಂದೇ ಸಲ ಎಂದಿದ್ದ ಮನುಷ್ಯ ಎರಡನೆಯ ಸಲಕ್ಕೆ ತಾನಾಗಿಯೇ ಒಪ್ಪಿದ್ದರು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ನಂಜಮ್ಮನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಗಂಜಿಯನ್ನು ಚೆಲ್ಲಲು ಮನಸ್ಸು ಬಾರದೆ ಬಟ್ಟಲು ಹಿಡಿದು ನಿಂತಿದ್ದಳು.

ಮಾರನೆಯ ಬೆಳಿಗ್ಗೆ ಇಂಗ್ಲಿಷ್ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಯಾವುದೋ ತಲೆನೋವಿನ ನೆಪ ಮಾಡಿಕೊಂಡು ಕಾಂಪೌಂಡರ್ ಶಾಮಣ್ಣನವರ ಹತ್ತಿರ ಹೋದೆ. ಮಾತಿನ ನಡುವೆ ಕಾಗದ ತೋರಿಸಿ, "ಇದು ನನ್ನ ಸ್ನೇಹಿತರೊಬ್ಬರದು. ಅವರಿಗೆ ಸ್ವಲ್ಪ ಅನುಮಾನವಂತೆ," ಎಂದೆ.

ಅವರು ಓದಿದರು. "ನಿಮ್ಮ ಸ್ನೇಹಿತರು ಎಷ್ಟು ಬಿಸಿ ಮಾಡಿದ್ರು?"

"ಅರವತ್ತೆಂಟು. ಹೊಸ ಥರ್ಮಾಮೀಟರಿನಲ್ಲಿ. ಬಹಳ ಅಚ್ಚುಕಟ್ಟಿನ ಮನುಷ್ಯ ಅವರು."

ಶಾಮಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. "ಮುನಿಯಪ್ಪ, ಜ್ವರ ನೋಡೋ ಕಡ್ಡೀಲಿ ತೊಂಬತ್ತೆಂಟು ಇದ್ರೆ ಏನರ್ಥ?"

"ಆರೋಗ್ಯವಾಗಿದ್ದೀವಿ ಅಂತ."

"ನಿಮ್ಮ ಗೂಡಿನ ಥರ್ಮಾಮೀಟರಲ್ಲಿ ತೊಂಬತ್ತೆಂಟು ಇದ್ರೆ?"

"ಬೆಂದೋಗ್ತೀವಿ."

"ಹಾಂ. ಜ್ವರದ ಕಡ್ಡೀದು ಹಳೇ ಡಿಗ್ರಿ, ಅದೇ ಈ ಎಫ್. ಫ್ಯಾರನ್‌ಹೀಟ್ ಅಂತ. ಈ ಕಾಗದದ ಅರವತ್ತೆಂಟು ಅಂದ್ರೆ ನಿಮ್ಮ ಹೊಸ ಡಿಗ್ರೀಲಿ ಇಪ್ಪತ್ತು. ಬಿಂದಿಗೆ ನೀರು ಕಣಯ್ಯ, ಬಿಂದಿಗೆ ನೀರು! ನಿಮ್ಮ ಸ್ನೇಹಿತರ ಫಿಲಂಗೆ ಬಂದಿದ್ದು ಜ್ವರ ಅಲ್ಲ, ಸನ್ನಿ. ಅಂದಹಾಗೆ, ನಿಮ್ಮ ಸ್ನೇಹಿತರ ಮಾವನವರು ಊರಿಗೆ ಹೋದ್ರಾ, ಇದ್ದಾರಾ?"

ತಲೆನೋವು ನಿಜವಾಗಿಯೇ ಶುರುವಾಯಿತು. ದಾರಿಯುದ್ದಕ್ಕೂ ಆ ಕಾಗದ ಬರೆದವನ ಮೇಲೆ ಸಿಟ್ಟು ಬಂತು. "ಬಿಂದಿಗೆ ನೀರು" ಎಂದು ಬರೆಯಲು ಇವನಿಗೆ ಏನು ಬಂದಿತ್ತು ರೋಗ?

ಆದರೂ ಕಾರಣ ಗೊತ್ತಾದ ಮೇಲೆ ಅರ್ಧ ಗೆದ್ದಂತೆ. ಮಂಗಳವಾರ ಮಾವನವರನ್ನು ಮತ್ತೆ ಕುರ್ಚಿಯ ಮೇಲೆ ಕೂರಿಸಿದೆ. ಅವರು ಕಣ್ಣು ಬಿಟ್ಟರು. ಬಿಟ್ಟರು ಎಂದರೆ ಸಾಲದು. ದೇವಸ್ಥಾನದ ಬಾಗಿಲಲ್ಲಿ ಗದೆ ಹಿಡಿದು ನಿಂತ ಕಲ್ಲಿನ ದ್ವಾರಪಾಲಕರು ನೋಡಿದ್ದರೆ ನಾಚಿಕೊಳ್ಳುತ್ತಿದ್ದರು. ರೆಪ್ಪೆ ಮಿಟುಕಲಿಲ್ಲ. ಕಣ್ಣಲ್ಲಿ ನೀರು ಸುರಿದರೂ ಒರೆಸಿಕೊಳ್ಳಲಿಲ್ಲ.

ಪಕ್ಕದ ಮನೆಯ ಖಾದರ್ ಸಾಹೇಬರು, ಅವರೂ ನೂಲು ತೆಗೆಯುವವರೇ, ಬೇಲಿಯ ಮೇಲಿಂದ ಇಣುಕಿದರು. "ಅರೆ ಮುನಿಯಪ್ಪಣ್ಣ, ಮಾವನೋರಿಗೆ ಏನಾಯ್ತು? ಅವರು ನೋಡೋ ನೋಟಕ್ಕೆ ನಮ್ಮ ಮೇಕೆ ಹಗ್ಗ ಕಿತ್ಕೊಂಡು ಹೋಯ್ತಲ್ಲಪ್ಪಾ!"

"ಫೋಟೋ ತೆಗೀತಿದ್ದೀನಿ ಸಾಹೇಬ್ರೇ."

"ಫೋಟೋನಾ? ನಾನು ಇಷ್ಟೊತ್ತು ನಿಮಗೂ ಅವರಿಗೂ ಜಗಳ ಅಂದ್ಕೊಂಡಿದ್ದೆ," ಎನ್ನುತ್ತ ಮೇಕೆ ಹುಡುಕಲು ಹೋದರು.

ಈ ಸಲ ನೀರು ಸರಿಯಾಗಿ ಇಪ್ಪತ್ತು ಡಿಗ್ರಿ. ಎಬ್ಬಿಸುವ ನೀರು ಒಂದು ಜಾಡಿಯಲ್ಲಿ, ನಿಲ್ಲಿಸುವ ನೀರು ಇನ್ನೊಂದರಲ್ಲಿ. ಎರಡೂ ಒಂದೇ ಥರದ ಉಪ್ಪಿನಕಾಯಿ ಜಾಡಿ. ಅದಲು ಬದಲಾದರೆ ಕೆಲಸ ಕೆಟ್ಟಿತು. ಆದ್ದರಿಂದ ಯಾರಿಗೂ ಹೊಳೆಯದ ಒಂದು ಉಪಾಯ ಮಾಡಿದೆ. ಮೊದಲನೆಯ ಜಾಡಿಯ ಕತ್ತಿಗೆ ಬಿಳಿ ರೇಷ್ಮೆ ಎಳೆ ಕಟ್ಟಿದೆ, ಎರಡನೆಯದಕ್ಕೆ ಹಳದಿ ರೇಷ್ಮೆ ಎಳೆ. ನೋಡಿದ ಕೂಡಲೇ ಗೊತ್ತಾಗಬೇಕು!

ಕೋಣೆಗೆ ಹೋಗಿ, ಬಾಗಿಲು ಹಾಕಿ, ಕಂಬಳಿ ತುರುಕಿ, ಫಿಲಂ ಬಿಚ್ಚಿ ಕೈಗೆ ತೆಗೆದುಕೊಂಡ ಮೇಲೆ ಜಾಡಿಗಳ ಕಡೆ ನೋಡಿದೆ.

ಕತ್ತಲಲ್ಲಿ ಬಿಳಿ ಎಳೆಯೂ ಕಪ್ಪು, ಹಳದಿ ಎಳೆಯೂ ಕಪ್ಪು.

ಬಾಗಿಲು ತೆರೆದರೆ ಫಿಲಂ ಹಾಳು. ಮೂಸಿ ನೋಡಿದೆ. ಎರಡರಲ್ಲೂ ಹಳೆಯ ಮಾವಿನಕಾಯಿ ಉಪ್ಪಿನಕಾಯಿ ವಾಸನೆ. ಎಳೆ ಮುಟ್ಟಿ ನೋಡಿದೆ. ಹಳದಿ ನೂಲು ಸ್ವಲ್ಪ ಒರಟು, ಬಿಳಿಯದು ನುಣುಪು, ಅದು ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಮುಟ್ಟಿದೆ, ಉಜ್ಜಿದೆ, ಖಚಿತಪಡಿಸಿಕೊಂಡೆ. ಇದೇ ಬಿಳಿ! ಧೈರ್ಯವಾಗಿ ಬಟ್ಟಲಿಗೆ ಬಗ್ಗಿಸಿ ಫಿಲಂ ಅದ್ದಿದೆ.

ಅದು ಹಳದಿಯಾಗಿತ್ತು.

ಚಿತ್ರ ಏಳುವ ಮೊದಲೇ ನಿಲ್ಲಿಸುವ ನೀರು ಬಿದ್ದರೆ ಏನು ನಿಲ್ಲುತ್ತದೆ? ಏನೂ ಇಲ್ಲ. ಆಚೆ ಬಂದು ಫಿಲಂ ಎತ್ತಿ ಹಿಡಿದೆ. ಅದೇ ನುಗ್ಗೇಮರ. ಹೂವು ಬಿಟ್ಟಿರುವುದೂ ಕಾಣುತ್ತಿತ್ತು.

ನಂಜಮ್ಮ ಬಟ್ಟಲಿಗೆ ಬಗ್ಗಿ ನೋಡಿದಳು. "ಈ ಸಲ ಗಂಜಿನೂ ಇಲ್ಲ."

"ಅಳಿಯಂದ್ರೇ, ಬಂತಾ?" ಎಂದಿತು ಜಗಲಿ.

"ಕಣ್ಣು ಬಹಳ ಚೆನ್ನಾಗಿ ಬಿಟ್ಟಿದ್ದೀರಿ ಮಾವ. ಅದರಲ್ಲಿ ಎರಡು ಮಾತಿಲ್ಲ. ಆದರೆ..." ನಾನು ಸುತ್ತಮುತ್ತ ನೋಡಿದೆ, ಸಹಾಯಕ್ಕೆ ಯಾವ ಸುಳ್ಳೂ ಸಿಗಲಿಲ್ಲ. ಕೊನೆಗೆ, "ನೀವು ಉಸಿರಾಡಿಬಿಟ್ಟಿದ್ದೀರಿ," ಎಂದೆ.

ಮಾವನವರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. "ಎಪ್ಪತ್ತು ವರ್ಷದಿಂದ ಆಡ್ತಾ ಇದ್ದೀನಿ. ಇದುವರೆಗೂ ಯಾರೂ ತಪ್ಪು ಅಂದಿರ್ಲಿಲ್ಲ."

"ಕ್ಯಾಮೆರಾಕ್ಕೆ ಆಗಲ್ಲ ಮಾವ. ಎದೆ ಮೇಲೆ ಕೆಳಗೆ ಆದ್ರೆ ಅಳ್ಳಾಡ್ತದೆ."

"ಸರೇ!" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿದರು. "ನಾಳೆ ಉಸಿರೂ ಆಡಾಕಿಲ್ಲ. ಅದೂ ನೋಡೇಬಿಡಣ!"

ಅವತ್ತು ಸಂಜೆಯೆಲ್ಲ ಅವರು ಹಿತ್ತಲಲ್ಲಿ ಕೂತು ಕೆನ್ನೆ ಉಬ್ಬಿಸಿಕೊಂಡು ಉಸಿರು ಹಿಡಿಯುವ ಅಭ್ಯಾಸ ಮಾಡಿದರು. ಖಾದರ್ ಸಾಹೇಬರು ಬೇಲಿಯ ಆಚೆಯಿಂದ ಒಂದು ಎರಡು ಎಂದು ಎಣಿಸಿಕೊಟ್ಟರು. ನಂಜಮ್ಮ ನನ್ನ ಹತ್ತಿರ ಬಂದು, ಮೂರನೆಯ ರೋಲನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು.

"ಇದೇ ಕೊನೇದು ಅಲ್ವಾ?"

"ಹೂಂ."

"ಅಪ್ಪ ಮತ್ತೆ ನಮ್ಮ ಮಾತು ಕೇಳಿ ಬರಾಕಿಲ್ಲ," ಎಂದಷ್ಟೇ ಹೇಳಿ ರೋಲನ್ನು ಮೊಟ್ಟೆ ಇಟ್ಟ ಹಾಗೆ ಮೆಲ್ಲಗೆ ಪಕ್ಕಕ್ಕಿಟ್ಟು ಹೋದಳು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಕ್ಷಣಕ್ಕೆ ನನ್ನ ಇಪ್ಪತ್ತು ವರ್ಷದ ಕಸುಬು, ಹೆಂಚು, ಸುಣ್ಣ, ಇಪ್ಪತ್ತೈದು ಗಂಟೆಯ ಗಡಿಯಾರ, ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಬುಧವಾರ. ಮಾವನವರು ಕುರ್ಚಿಯ ಮೇಲೆ ಕೂತರು. ಕಣ್ಣು ಅಗಲಿಸಿದರು. ಉಸಿರು ಒಳಗೆಳೆದು ಬಾಯಿ ಮುಚ್ಚಿದರು. ನಾನು ಅವಸರದಲ್ಲಿ ಒಂದು, ಎರಡು, ಮೂರು ಎಂದು ಒತ್ತುತ್ತ ಹೋದೆ. ಒಂದೊಂದು ಸಲಕ್ಕೂ ಫಿಲಂ ಸುತ್ತಿಕೊಳ್ಳಬೇಕು, ಹಿಂದಿನ ಪುಟ್ಟ ಕಿಂಡಿಯಲ್ಲಿ ಅಂಕಿ ಬರಬೇಕು. ನಾಲ್ಕಕ್ಕೆ ಮಾವನವರ ಮುಖ ಟೊಮ್ಯಾಟೊ ಆಯಿತು. ಐದಕ್ಕೆ ಬದನೆಕಾಯಿ. ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳಿ ಎಂದು ಹೇಳಲು ನನಗೆ ಹೊಳೆಯಲಿಲ್ಲ, ಬಿಡಲು ಅವರ ಹಟ ಒಪ್ಪಲಿಲ್ಲ. ಏಳಕ್ಕೆ ಪೇಟ ನಡುಗತೊಡಗಿತು. ಕುರ್ಚಿಯ ಸಮೇತ ಒಂದು ಕಡೆಗೆ ವಾಲಿದರು.

ಬಾಗಿಲಲ್ಲಿ ನಿಂತಿದ್ದ ನಂಜಮ್ಮ ತಡೆಯಲಾರದೆ ಕೂಗಿಬಿಟ್ಟಳು. "ಸಾಕು ಅಪ್ಪಾ, ಉಸಿರು ಬಿಡು! ನೀನು ಕಣ್ಣು ಮುಚ್ಚಿರಲೇ ಇಲ್ಲ! ಮೊದಲನೇ ದಿನ ಇವರು ನಿನ್ನ ಬಿಸಿನೀರಲ್ಲಿ ಬೇಯಿಸಿಬಿಟ್ರು. ಎರಡನೇ ದಿನ ಜಾಡಿ ಅದಲು ಬದಲು ಮಾಡಿದ್ರು. ಕಣ್ಣು ಮುಚ್ಕೊಂಡು ಕೆಲಸ ಮಾಡಿದೋರು ಇವರು ಕಣಪ್ಪಾ, ನೀನಲ್ಲ!"

ಮಾವನವರು ಉಸಿರು ಬಿಟ್ಟರು. ಬಿಟ್ಟ ರಭಸಕ್ಕೆ ಪೇಟ ಓರೆಯಾಯಿತು. ನನ್ನನ್ನು ನೋಡಿದರು. ನಾನು ಕ್ಯಾಮೆರಾದ ಹಿಂದೆ ಎಷ್ಟು ಅಡಗಬಹುದೋ ಅಷ್ಟು ಅಡಗಿದೆ. ಈಗ ತೆಲುಗು ಶುರುವಾಗುತ್ತದೆ ಎಂದು ಕಿವಿ ಮುದುರಿಕೊಂಡೆ.

"ಬೇಯಿಸಿಬಿಟ್ರಾ? ನನ್ನಾ? ಎಂಟೂ?"

"ಎಂಟೂ, ಮಾವ."

"ಗೂಡು ಬೇಯಿಸ್ದಂಗೆ?"

"ಹಂಗೇ ಮಾವ."

ಮುದುಕರು ತೊಡೆ ತಟ್ಟಿಕೊಂಡು ನಕ್ಕರು. ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಉಳಿದಿದ್ದ ನಾಲ್ಕು ಹಲ್ಲು, ಇಲ್ಲದ ಇಪ್ಪತ್ತೆಂಟು ಹಲ್ಲಿನ ಜಾಗ ಎಲ್ಲ ಕಾಣುವಂತೆ ನಕ್ಕರು. "ಚಾಲಯ್ಯಾ, ಚಾಲು! ಸಾಕಪ್ಪಾ ಸಾಕು! ಎಳೆ ಎಷ್ಟು ಉದ್ದ ಬಂತು ಅಳಿಯಂದ್ರೇ?" ಎನ್ನುತ್ತ ಇನ್ನೂ ನಕ್ಕರು. ಭಯಕ್ಕೋ ನಾಚಿಕೆಗೋ ನನ್ನ ಹೆಬ್ಬೆರಳು ಕ್ಯಾಮೆರಾ ಒತ್ತಿಬಿಟ್ಟಿತು. ಅದೇ ಎಂಟನೆಯದು.

ಈ ಸಲ ಜಾಡಿಗಳಿಗೆ ಬಣ್ಣ ಕಟ್ಟಲಿಲ್ಲ, ಗಂಟು ಕಟ್ಟಿದೆ. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ನೀರು ಬಿಂದಿಗೆಯದು. ಹೊತ್ತು ನೋಡಲು ನಮ್ಮ ಗಡಿಯಾರವನ್ನು ನಂಬದೆ ನಂಜಮ್ಮ ಬಾಗಿಲಾಚೆ ಕೂತು ಎಣಿಸಿದಳು. ಎಲ್ಲ ಮುಗಿಸಿ ಬೆಳಕಿಗೆ ಬಂದು ಫಿಲಂ ಎತ್ತಿ ಹಿಡಿದೆ.

ನುಗ್ಗೇಮರ ಕಾಣಲಿಲ್ಲ! ಸಾಲಾಗಿ ಎಂಟು ಮಾವನವರು ಕೂತಿದ್ದರು!

ನಂಜಮ್ಮ ಓಡಿ ಬಂದು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಅಪ್ಪನ ಮುಖ ಇದ್ದಿಲಾಗೈತೆ! ಪೇಟ ಸುಟ್ಟೋಗೈತೆ!"

"ಅದು ಉಲ್ಟಾ ಕಣೇ. ಕಾಗದದ ಮೇಲೆ ಇಳಿಸಿದಾಗ ಬಿಳಿ ಕಪ್ಪು ಎಲ್ಲ ಸರಿಹೋಗ್ತದೆ."

"ಹಂಗಾದ್ರೆ ಇನ್ನೇನೂ ಮಾಡಬ್ಯಾಡಿ. ನಿಮ್ಮ ದಮ್ಮಯ್ಯ. ಬಿಂದಿಗೆ ನೀರಲ್ಲಿ ತೊಳೆದು ಒಣಗಾಕಿ."

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ನಾಲ್ಕು ಜನರಂತೆ ಬುದ್ಧಿವಂತ ಎನಿಸಿಕೊಳ್ಳುತ್ತಿದ್ದೆ. ಆದರೆ ಗೆದ್ದ ಗಂಡಸಿಗೆ ಹೆಂಡತಿ ಬುದ್ಧಿ ಹೇಳಿದರೆ ಕಿವಿಯವರೆಗೂ ಬರುತ್ತದೆ, ಒಳಗೆ ಹೋಗುವುದಿಲ್ಲ. "ಮದ್ದಿನ ಅಂಟು ತಣ್ಣೀರಿಗೆ ಹೋಗ್ತದಾ? ಇಪ್ಪತ್ತು ವರ್ಷ ಈ ಕೈಯಲ್ಲಿ ಅಂಟು ತೊಳೆದಿದ್ದೀನಿ. ಸ್ವಲ್ಪ, ಸ್ವಲ್ಪವೇ ಬೆಚ್ಚಗಿನ ನೀರು," ಎಂದೆ. ಬೆಚ್ಚಗಿನ ನೀರಿನಲ್ಲಿ ಒಂದು ಸಲ ಜಾಲಿಸಿ, ಆಮೇಲೆ ಆಗ ತಾನೇ ಸೇದಿದ ಬಾವಿಯ ನೀರಿಗೆ ದಡಕ್ಕನೆ ಇಳಿಬಿಟ್ಟೆ. ಬೇಗೆ ಆರಲಿ ಎಂದು.

ಒಣಗಿದ ಮೇಲೆ ನೋಡಿದರೆ ಫಿಲಂ ತುಂಬ ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕು! ಬಿಸಿಗೆ ಹಿಗ್ಗಿದ ಮೇಲಿನ ಪದರ ತಣ್ಣೀರಿಗೆ ಬಿದ್ದು ಸುಕ್ಕುಗಟ್ಟಿತ್ತು. ಇದಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿದೆಯಂತೆ. ಶಾಮಣ್ಣನವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಸ್ನೇಹಿತರ ಹೆಸರಿನಲ್ಲೂ ಬರಲಿಲ್ಲ.

ಎಂಟರಲ್ಲಿ ಏಳು ಫೋಟೋದಲ್ಲಿ ಮಾವನವರು ಕಪ್ಪೆಯಂತೆ ಉಬ್ಬಿದ್ದರು, ಅದಕ್ಕೆ ನಾನು ಏನೂ ಮಾಡುವಂತಿರಲಿಲ್ಲ. ಎಂಟನೆಯದನ್ನು ಕಾಗದದ ಮೇಲೆ ಇಳಿಸಿದೆ. ಕೆರೆ ಬತ್ತಿದಾಗ ಅದರ ಅಂಗಳದ ಮಣ್ಣು ಬಾಯಿ ಬಿಡುತ್ತದಲ್ಲ, ಹಾಗೆ ಮುಖದ ತುಂಬ ಬಿರುಕು. ಪೇಟಕ್ಕೂ ಬಿರುಕು, ಹಿಂದಿನ ಗೋಡೆಗೂ ಬಿರುಕು. ತಂದು ನಂಜಮ್ಮನ ಕೈಗೆ ಕೊಟ್ಟು ನೆಲ ನೋಡುತ್ತ ನಿಂತೆ.

ಅವಳು ಬಾಗಿಲ ಬೆಳಕಿಗೆ ಹೋಗಿ, ಫೋಟೋ ಹತ್ತಿರ ಹಿಡಿದು, ಬೆರಳಿಟ್ಟು ಒಂದೊಂದನ್ನೇ ನೋಡಿದಳು. "ಕಿವೀಲಿ ಒಂಟಿ ಕಾಣ್ತೈತೆ. ಎಡಗಡೆ ಮುರಿದ ಹಲ್ಲೂ ಕಾಣ್ತೈತೆ. ನಗುವಾಗ ಒಂದು ಕಣ್ಣು ಚಿಕ್ಕದಾಗ್ತದಲ್ಲ, ಅದೂ ಬಂದೈತೆ." ಒಂಟಿಯ ಸುತ್ತ ಬೆರಳಾಡಿಸಿ ಹೇಳಿದಳು, "ಒಂಟಿ ಸುತ್ತ ಮುಖಾನೂ ಐತೆ ಕಣ್ರೀ. ಸಾಕು ನನಗೆ."

ಮಾವನವರು ಫೋಟೋ ಇಸಿದುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. "ಇದೇಂದಿ ಅಳಿಯಂದ್ರೇ? ನನ್ನ ಮಖದಾಗೆ ಗೆರೆ ಇರೋದು ಸರಿ. ಕುರ್ಚಿಗೂ ವಯಸ್ಸಾಗೋಯ್ತಾ?"

ಹಾಗೆಂದವರು ಊರಿಗೆ ಮಾತ್ರ ಹೊರಡಲಿಲ್ಲ. ಕಡಲೆಕಾಯಿ ಕೀಳುವುದಿದೆಯಲ್ಲ ಮಾವ ಎಂದರೆ, ಅದು ನೆಲದೊಳಗೆ ಇರುತ್ತೆ, ಎಲ್ಲಿ ಓಡಿಹೋಗುತ್ತೆ ಎಂದರು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಫೋಟೋ ತೋರಿಸಿದರು. ಖಾದರ್ ಸಾಹೇಬರಿಗೆ ಮೂರು ಸಲ ತೋರಿಸಿದರು. ಮೇಕೆಗೂ ಒಂದು ಸಲ ತೋರಿಸಿದರೆಂದು ಸಾಹೇಬರು ಹೇಳುತ್ತಾರೆ. ನಂಜಮ್ಮ ಅದಕ್ಕೆ ನಾಲ್ಕು ಕಡೆ ರಟ್ಟು ಅಂಟಿಸಿ ಪಡಸಾಲೆಯ ಕಿಟಕಿಯ ಮೇಲಿಟ್ಟಳು.

ಮುಂದಿನ ಸೋಮವಾರ ಚಿಂತಾಮಣಿ ಕಡೆಯ ರೈತರೊಬ್ಬರು ಗೂಡಿನ ಮಾತಿಗೆಂದು ಮನೆಗೆ ಬಂದರು. ಕೂರುವ ಮೊದಲು ಅವರ ಕಣ್ಣು ಫೋಟೋದ ಮೇಲೆ ಬಿತ್ತು. ಚಪ್ಪಲಿ ಆಚೆ ಬಿಟ್ಟು ಬಂದು, ಟವೆಲು ಸೊಂಟಕ್ಕೆ ಸುತ್ತಿ, ಭಕ್ತಿಯಿಂದ ಕೈ ಮುಗಿದರು.

"ನಿಮ್ಮ ಮುತ್ತಾತನೋರಾ? ಏನ್ ಕಳೆ, ಏನ್ ನಗು! ನೂರು ವರ್ಷದ ಹಿಂದಿಂದು ಇರಬೇಕು. ಈಗೆಲ್ಲ ಇಂಥ ಜನ ಎಲ್ಲಿ ಬರ್ತಾರೆ ಬಿಡಿ."

ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ಮಾವನವರು ತಲೆ ಎತ್ತಿದರು. "ಹೋದ ಬುಧವಾರದ್ದು!"

ರೈತರು ಅವರನ್ನು ನೋಡಿದರು. ಫೋಟೋ ನೋಡಿದರು. ಮತ್ತೆ ಅವರನ್ನು ನೋಡಿದರು. ಮುಗಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ಕೇಳಿದರು, "ಇದನ್ನ ತೆಗೆದ ಪುಣ್ಯಾತ್ಮ ಯಾರು?"

ಅಪ್ಪನೂ ಮಗಳೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಒಲೆಯ ಮೇಲೆ ಗೂಡು ಬೇಯಲು ಇಟ್ಟಿದ್ದೇನೆ, ಈಗ ಬಂದೆ ಎಂದು ಹೇಳಿ ನಾನು ಒಳಗೆ ಹೋದೆ. ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ.